ಇನ್‌ಹಿಬಿಟರ್ ಜಾಸ್ತಿ ಉಂಟು, ಆದ್ರೂ ಇಲಾಸ್ಟೇಸ್ ಯಾಕೆ ನಿಲ್ಲುದಿಲ್ಲ?

ಕೊಣಾಜೆ_ಬಯೋ:
ಎಲ್ರಿಗೂ ನಮಸ್ಕಾರ. ನಾನು ಎಮ್ಮೆಸ್ಸಿ ಸೆಕೆಂಡ್ ಇಯರ್, ಬರುವ ವಾರ ಸೆಮಿನಾರ್ ಉಂಟು. ಶ್ವಾಸನಾಳದ ಒಳಪದರದ ಸೆಲ್‌ಗಳು ಶ್ವಾಸಕೋಶಕ್ಕೆ ಪೆಟ್ಟು ಬಿದ್ದಾಗ ಪ್ರೋಟಿಯೇಸ್ ಇನ್‌ಹಿಬಿಟರ್‌ಗಳನ್ನ (ಪ್ರೋಟೀನ್ ಕಡಿಯುವ ಎಂಜೈಮನ್ನ ತಡೆಯುವಂಥದ್ದು) ಹೇಗೆ ಬಿಡ್ತವೆ ಅಂತ ಟಾಪಿಕ್. ನನಗೆ ಅರ್ಥ ಆದದ್ದು ಇಷ್ಟು, ಇನ್ಫೆಕ್ಷನ್ನೋ ಹೊಗೆಯೋ ಆದ್ರೆ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ಬಂದು ಸೇರ್ತವೆ, ಇಲಾಸ್ಟೇಸ್ ಅನ್ನುವ ಪ್ರೋಟಿಯೇಸ್ ಬಿಡ್ತವೆ, ಅದು ಬ್ಯಾಕ್ಟೀರಿಯಾ ಜೊತೆಗೆ ಶ್ವಾಸಕೋಶ ಹಿಗ್ಗಿ ಕುಗ್ಗಲಿಕ್ಕೆ ಬೇಕಾದ ನಮ್ಮದೇ ಇಲಾಸ್ಟಿನ್ನನ್ನೂ ಕಡಿದು ಹಾಕ್ತದೆ, ಅದನ್ನ ತಡೀಲಿಕ್ಕೆ ಆಲ್ಫಾ-1 ಆಂಟಿಟ್ರಿಪ್ಸಿನ್, ಎಸ್‌ಎಲ್‌ಪಿಐ, ಇಲಾಫಿನ್ ಅಂತ ಮೂರು. ಇಲ್ಲಿವರೆಗೆ ಸರಿ. ಆದ್ರೆ ಎಆರ್‌ಡಿಎಸ್ (ಶ್ವಾಸಕೋಶ ಒಮ್ಮೆಲೇ ಕೈಕೊಡುವ ತೀವ್ರ ಸ್ಥಿತಿ) ಪೇಷಂಟ್‌ಗಳ ಲ್ಯಾವೇಜ್ ನೀರಲ್ಲಿ, ಅಂದ್ರೆ ಶ್ವಾಸಕೋಶ ತೊಳೆದು ತೆಗೆದ ನೀರಲ್ಲಿ, ಇನ್‌ಹಿಬಿಟರ್ ಜಾಸ್ತಿ ಇರ್ತದೆ ಅಂತಲೂ ಓದಿದೆ, ಅದೇ ಪೇಷಂಟ್‌ಗಳಲ್ಲಿ ಇಲಾಸ್ಟೇಸ್ ಕೆಲಸ ಮಾಡ್ತಾನೇ ಇರ್ತದೆ ಅಂತಲೂ ಓದಿದೆ. ಎಂತ ಇದು? ಜಾಸ್ತಿ ಇದ್ರೆ ನಿಲ್ಬೇಕಲ್ವಾ? ಗೊತ್ತಿದ್ದವರು ಸ್ವಲ್ಪ ಹೇಳಿ ಪ್ಲೀಸ್.

ಮಣ್ಣಗುಡ್ಡೆ_ಪೈಪೆಟ್:
ಒಳ್ಳೆ ಪ್ರಶ್ನೆ. ಮೊದಲು ಆ ಮೂರನ್ನೂ ಒಂದೇ ಲೈನಲ್ಲಿ ನಿಲ್ಲಿಸ್ಬೇಡಿ, ಅಲ್ಲೇ ಕನ್‌ಫ್ಯೂಷನ್ ಶುರು ಆಗುದು. ಆಲ್ಫಾ-1 ಮುಖ್ಯವಾಗಿ ಲಿವರ್‌ನದ್ದು, ರಕ್ತದಿಂದ ಇಳಿದು ಬರ್ತದೆ, ಒಳಪದರ ಸ್ವಲ್ಪ ಮಾಡ್ತದೆ ಅಷ್ಟೆ. ಎಸ್‌ಎಲ್‌ಪಿಐ ಮತ್ತೆ ಇಲಾಫಿನ್ ಮಾತ್ರ ಏರ್‌ವೇಯ ಸ್ವಂತದ್ದು. ಇವೆರಡರಲ್ಲೂ ಸ್ವಭಾವ ಬೇರೆ ಬೇರೆ. ಎಸ್‌ಎಲ್‌ಪಿಐ ಆರೋಗ್ಯ ಸರಿ ಇರುವಾಗಲೂ ಗ್ರಂಥಿಗಳಿಂದ, ಕ್ಲಬ್ ಸೆಲ್‌ಗಳಿಂದ ಬರ್ತಾನೇ ಇರ್ತದೆ. ಇಲಾಫಿನ್ ಹಾಗಲ್ಲ, ಸುಮ್ಮನಿರುವಾಗ ಕಡಿಮೆ, ಐಎಲ್-1 ಅಥವಾ ಟಿಎನ್‌ಎಫ್ ಅನ್ನುವ ಉರಿಯೂತದ ಸಿಗ್ನಲ್ ಬಂತೋ ಎನ್‌ಎಫ್-ಕಪ್ಪಾ-ಬಿ ಅನ್ನುವ ಸ್ವಿಚ್ ಮೂಲಕ ಜೀನ್ ಆನ್ ಆಗಿ ಒಮ್ಮೆಲೇ ಏರ್ತದೆ. ಇನ್ನೊಂದು ವಿಷಯ, ಎಸ್‌ಎಲ್‌ಪಿಐ ಇಲಾಸ್ಟೇಸನ್ನೂ ಕೆಥೆಪ್ಸಿನ್-ಜಿಯನ್ನೂ ಹಿಡೀತದೆ, ಪ್ರೋಟಿಯಿನೇಸ್-3 ಅನ್ನು ಹಿಡಿಯುದಿಲ್ಲ (ಈ ಎರಡೂ ನ್ಯೂಟ್ರೋಫಿಲ್‌ನ ಬೇರೆ ಪ್ರೋಟಿಯೇಸ್‌ಗಳು). ಇಲಾಫಿನ್ ಇಲಾಸ್ಟೇಸ್ ಮತ್ತೆ ಪ್ರೋಟಿಯಿನೇಸ್-3 ಹಿಡೀತದೆ, ಕೆಥೆಪ್ಸಿನ್-ಜಿ ಹಿಡಿಯುದಿಲ್ಲ.

ಈಗ ನಿಮ್ಮ ಪ್ರಶ್ನೆ. ಎಲಿಸಾದಲ್ಲಿ (ಆಂಟಿಬಾಡಿಯಿಂದ ಪ್ರೋಟೀನ್ ಅಳೆಯುವ ಟೆಸ್ಟ್) ಜಾಸ್ತಿ ಬಂತು ಅಂದ್ರೆ ಪ್ರೋಟೀನ್ ಉಂಟು ಅಂತ ಅಷ್ಟೇ, ಅದು ಕೆಲಸ ಮಾಡುವ ಸ್ಥಿತಿಯಲ್ಲಿ ಉಂಟು ಅಂತ ಅಲ್ಲ. ಆಲ್ಫಾ-1ರ 358ನೇ ಅಮೈನೋ ಆಮ್ಲ ಮೆಥಿಯೋನಿನ್, ಅದು ಇಲಾಸ್ಟೇಸನ್ನ ಹಿಡಿಯುವ ಜಾಗ, ಹೊಗೆಯ ಆಕ್ಸಿಡೆಂಟೋ ನ್ಯೂಟ್ರೋಫಿಲ್ ಬಿಟ್ಟ ಆಕ್ಸಿಡೆಂಟೋ ತಾಗಿದ್ರೆ ಹಿಡಿಯುವ ಶಕ್ತಿ ಹೋಗ್ತದೆ. ಎಸ್‌ಎಲ್‌ಪಿಐದಲ್ಲೂ 73ನೇ ಮೆಥಿಯೋನಿನ್‌ಗೆ ಇದೇ ಕತೆ. ಮೇಲಿಂದ ಇಲಾಸ್ಟೇಸ್ ತುಂಬಾ ಜಾಸ್ತಿ ಆದ್ರೆ ಇನ್‌ಹಿಬಿಟರನ್ನೇ ಕಡೀತದೆ, ಕೆಥೆಪ್ಸಿನ್ ಬಿ, ಎಲ್, ಎಸ್ ಅನ್ನುವ ಬೇರೆ ಪ್ರೋಟಿಯೇಸ್‌ಗಳು ಬಂದು ಎಸ್‌ಎಲ್‌ಪಿಐಯನ್ನ ತುಂಡು ಮಾಡ್ತವೆ. ಈ ತುಂಡುಗಳನ್ನೂ, ಇಲಾಸ್ಟೇಸ್‌ಗೆ ಅಂಟಿ ಮುಗಿದು ಹೋದ ಆಲ್ಫಾ-1 ಅನ್ನೂ ಕೆಲವು ಆಂಟಿಬಾಡಿ ಲೆಕ್ಕಕ್ಕೆ ಹಿಡೀತದೆ, ನಂಬರ್ ಚಂದ ಕಾಣ್ತದೆ, ಶ್ವಾಸಕೋಶಕ್ಕೆ ಎಂತದೂ ಪ್ರಯೋಜನ ಇಲ್ಲ.

ಇನ್ನು ಲೋಕಲ್ ಲೆಕ್ಕ ಒಂದುಂಟು, ಇದನ್ನ ಸೆಮಿನಾರಲ್ಲಿ ಖಂಡಿತ ಹಾಕಿ. ನ್ಯೂಟ್ರೋಫಿಲ್‌ನ ಒಂದು ಗ್ರಾನ್ಯೂಲ್ (ಎಂಜೈಮ್ ತುಂಬಿಟ್ಟ ಸಣ್ಣ ಚೀಲ) ಒಳಗೆ ಇಲಾಸ್ಟೇಸ್ ಸುಮಾರು 5 ಮಿಲಿಮೋಲಾರ್. ರಕ್ತದಲ್ಲಿ ಆಲ್ಫಾ-1 ಇರುದು 20ರಿಂದ 50 ಮೈಕ್ರೋಮೋಲಾರ್. ನೂರು ಪಟ್ಟಿಗೂ ಮೇಲೆ ವ್ಯತ್ಯಾಸ ಆಯ್ತಲ್ಲ. ಗ್ರಾನ್ಯೂಲ್ ಹೊರಗೆ ಬಂದ ಕ್ಷಣ ಅದರ ಪಕ್ಕದ ಜಾಗದಲ್ಲಿ ಇಲಾಸ್ಟೇಸ್‌ನದ್ದೇ ರಾಜ್ಯ, ದೂರ ಹರಡಿದ ಮೇಲೆಯೇ ಇನ್‌ಹಿಬಿಟರ್‌ಗೆ ಸಿಕ್ಕುದು. ಲ್ಯಾವೇಜ್ ನೀರು ತೆಗ್ದು ಎಲ್ಲ ಮಿಕ್ಸ್ ಆದ ಮೇಲೆ ಅಳೆದ್ರೆ ಇದು ಗೊತ್ತೇ ಆಗುದಿಲ್ಲ.

ಉಡುಪಿ_ಎದೆಡಾಕ್ಟ್ರು:
ಮೇಲಿನವರು ಸರಿಯಾಗಿ ಹೇಳಿದ್ದಾರೆ, ವಾರ್ಡ್ ಕಡೆಯಿಂದ ಸ್ವಲ್ಪ ಸೇರಿಸ್ತೇನೆ. ನಮ್ಮಲ್ಲಿ ಮಳೆಗಾಲದಲ್ಲಿ ಗದ್ದೆ, ತೋಟದ ಕೆಲಸ ಮಾಡುವವರು ಇಲಿ ಜ್ವರ ಬಂದು, ಕೆಲವರಿಗೆ ಶ್ವಾಸಕೋಶದಲ್ಲಿ ರಕ್ತಸ್ರಾವ, ಎಆರ್‌ಡಿಎಸ್ ಆಗಿ ವೆಂಟಿಲೇಟರ್‌ಗೆ ಹೋಗ್ತಾರೆ. ಆ ಸ್ಥಿತಿಯಲ್ಲಿ ರಕ್ತನಾಳದ ಗೋಡೆ, ಏರ್‌ವೇ ಗೋಡೆ ಎರಡೂ ಸೋರ್ತಾ ಇರ್ತವೆ. ಆಗ ಲ್ಯಾವೇಜ್‌ನಲ್ಲಿ ಆಲ್ಫಾ-1 ಏರುದು ಆಶ್ಚರ್ಯ ಅಲ್ಲ, ಪ್ಲಾಸ್ಮಾ ಸೋರಿ ಬಂದದ್ದು ಅದು, ಒಳಪದರದ ಸೆಲ್‌ನ ಪ್ರತಿಕ್ರಿಯೆ ಅಂತ ಬರೀಬೇಡಿ. ರಕ್ತದ್ದೇ ಪ್ರೋಟೀನ್ ಆದ ಅಲ್ಬುಮಿನ್ ಜೊತೆ ಹೋಲಿಸಿ ನೋಡಿದ್ರೆ ಗೊತ್ತಾಗ್ತದೆ.

ಹಾಗಾದ್ರೆ ಹೊರಗಿಂದ ಇನ್‌ಹಿಬಿಟರ್ ಕೊಟ್ರೆ ಆಯ್ತಲ್ಲ ಅಂತ ನಿಮ್ಮ ಕ್ಲಾಸಲ್ಲಿ ಯಾರಾದ್ರೂ ಕೇಳ್ತಾರೆ. ಕೊಟ್ಟು ನೋಡಿ ಆಗಿದೆ. ಸಿವೆಲೆಸ್ಟಾಟ್ ಅಂತ ಇಲಾಸ್ಟೇಸ್ ತಡೆಯುವ ಔಷಧಿಗೆ ಜಪಾನಿನಲ್ಲಿ 2002ರಲ್ಲಿ ಅನುಮತಿ ಸಿಕ್ಕಿತು, ಆದ್ರೆ 2004ರಲ್ಲಿ ಬಂದ ದೊಡ್ಡ ಟ್ರಯಲ್‌ನಲ್ಲಿ 28 ದಿನದ ಸಾವಿನ ಪ್ರಮಾಣ ಕಡಿಮೆ ಆಗಲಿಲ್ಲ, ಟ್ರಯಲನ್ನೇ ಅರ್ಧಕ್ಕೆ ನಿಲ್ಲಿಸಿದ್ರು. ನನ್ನ ಅಭಿಪ್ರಾಯದಲ್ಲಿ, ಪೇಷಂಟ್ ವೆಂಟಿಲೇಟರ್ ಮೇಲೆ ಹೋಗುವಷ್ಟರಲ್ಲಿ ಇಲಾಸ್ಟೇಸ್ ಮಾಡುವ ಹಾನಿಯಲ್ಲಿ ಹೆಚ್ಚಿನದ್ದು ಮಾಡಿ ಆಗಿರ್ತದೆ. ಈಗ ಬೇರೆ ದಾರಿ ಹಿಡಿದಿದ್ದಾರೆ, ಬ್ರೆನ್ಸೊಕ್ಯಾಟಿಬ್ ಅಂತ ಮಾತ್ರೆ, ಅದು ನ್ಯೂಟ್ರೋಫಿಲ್ ಮೂಳೆ ಮಜ್ಜೆಯಲ್ಲಿ ತಯಾರಾಗುವಾಗಲೇ ಈ ಪ್ರೋಟಿಯೇಸ್‌ಗಳನ್ನ ಚಾಲೂ ಮಾಡುವ ಡಿಪಿಪಿ-1 ಎಂಜೈಮನ್ನ ತಡೀತದೆ. 2025ರ ಆಗಸ್ಟಲ್ಲಿ ಅಮೆರಿಕದಲ್ಲಿ ಬ್ರಾಂಕಿಯೆಕ್ಟಾಸಿಸ್‌ಗೆ (ಶ್ವಾಸನಾಳ ಹಿಗ್ಗಿ ಹಾಳಾಗುವ ಕಾಯಿಲೆ) ಒಪ್ಪಿಗೆ ಆಯ್ತು. ಎಆರ್‌ಡಿಎಸ್‌ಗೆ ಅಲ್ಲ, ಅದು ನೆನಪಿರಲಿ.

ಮಲ್ಪೆ_ಗಾಳಿ:
ಡಾಕ್ಟ್ರೆ ನಡುವೆ ಬಾಯಿ ಹಾಕ್ತೇನೆ, ನಾನು ಸೈನ್ಸಿನವ ಅಲ್ಲ. ಅಮ್ಮ ಬೀಡಿ ಸಿಗರೇಟು ಮುಟ್ಟಿದವರಲ್ಲ, ಆದ್ರೆ ಬಚ್ಚಲ ಒಲೆಗೆ ಮಡಲು, ತೆಂಗಿನ ಸಿಪ್ಪೆ ಹಾಕಿ ಊದಿ ಊದಿ ಈಗ ದಮ್ಮು ಕಟ್ತದೆ, ಅವರಿಗೆ ಈ ಆಲ್ಫಾ-1 ಕಡಿಮೆ ಇರ್ಬಹುದಾ, ಟೆಸ್ಟ್ ಮಾಡಿಸ್ಬೇಕಾ? ಮತ್ತೆ ಪಪ್ಪಾಯಿ ತಿಂದ್ರೆ ಶ್ವಾಸಕೋಶ ಕರಗ್ತದೆ ಅಂತ ವಾಟ್ಸಾಪಲ್ಲಿ ಬಂದಿತ್ತು ಮಾರಾಯ್ರೆ 😅

ಉಡುಪಿ_ಎದೆಡಾಕ್ಟ್ರು:
ಸೌದೆ ಹೊಗೆಯಿಂದಲೇ ಸಿಒಪಿಡಿ (ದಮ್ಮು ಕಟ್ಟುವ ದೀರ್ಘಕಾಲದ ಶ್ವಾಸಕೋಶ ಕಾಯಿಲೆ) ಬರ್ತದೆ, ಸೇದದ ಹೆಂಗಸರಲ್ಲಿ ನಾವು ನೋಡುದು ಅದನ್ನೇ. ಹುಟ್ಟಿನಿಂದ ಆಲ್ಫಾ-1 ಕೊರತೆ ಇರುದನ್ನ 1963ರಲ್ಲಿ ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್ ಮೊದಲು ಗುರುತಿಸಿದ್ದು, ಅದರ ಝಡ್ ಅನ್ನುವ ಮಾದರಿ ಉತ್ತರ ಯುರೋಪಿನವರಲ್ಲಿ ಜಾಸ್ತಿ, ನಮ್ಮವರಲ್ಲಿ ಬಹಳ ಅಪರೂಪ. ಅಮ್ಮನಿಗೆ ಮೊದಲು ಸ್ಪೈರೋಮೆಟ್ರಿ (ಊದಿಸಿ ಉಸಿರಿನ ಶಕ್ತಿ ಅಳೆಯುವ ಟೆಸ್ಟ್) ಮಾಡಿಸಿ, ನೀರು ಕಾಯಿಸ್ಲಿಕ್ಕೆ ಗೀಸರ್ ಹಾಕಿಸಿ, ಆಲ್ಫಾ-1 ಟೆಸ್ಟ್ ಬೇಕಾ ಅಂತ ನೋಡುವ ಡಾಕ್ಟ್ರು ಹೇಳ್ತಾರೆ. ಪಪ್ಪಾಯಿ ಆರಾಮಾಗಿ ತಿನ್ನಿ. 1960ರ ದಶಕದಲ್ಲಿ ಇಲಿಗಳ ಶ್ವಾಸಕೋಶಕ್ಕೆ ಪಪ್ಪಾಯಿಯಲ್ಲಿರುವ ಪಪೇನ್ ಅನ್ನುವ ಪ್ರೋಟಿಯೇಸ್ ನೇರ ಹಾಕಿದಾಗ ಎಂಫಿಸೀಮಾ (ಶ್ವಾಸಕೋಶದ ಗಾಳಿಚೀಲಗಳು ಹಾಳಾಗುದು) ಆಯ್ತು, ಈ ಇಡೀ ಪ್ರೋಟಿಯೇಸ್ ಥಿಯರಿಗೆ ಅದೊಂದು ಆಧಾರ. ಹಣ್ಣು ಹೊಟ್ಟೆಗೆ ಹೋಗುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಕೊಣಾಜೆ_ಬಯೋ:
ತುಂಬಾ ಥ್ಯಾಂಕ್ಸ್ ಸರ್, ಪೈಪೆಟ್ ಅಣ್ಣಾ ನಿಮಗೂ. ಒಂದೇ ಡೌಟು, ಇಲಾಸ್ಟೇಸ್ ತಾಗಿಸಿದ್ರೆ ಸೆಲ್‌ನಲ್ಲಿ ಎಸ್‌ಎಲ್‌ಪಿಐ ಎಂಆರ್‌ಎನ್‌ಎ (ಪ್ರೋಟೀನ್ ಮಾಡ್ಲಿಕ್ಕೆ ಜೀನ್ ಕಳಿಸುವ ಸಂದೇಶ) ಏರ್ತದೆ ಅಂತ ಉಂಟು, ಆದ್ರೆ ಸೆಲ್ ಬೆಳೆಸುವ ಮೀಡಿಯಂನಲ್ಲಿ ಪ್ರೋಟೀನ್ ಕಡಿಮೆ ಅಂತೆ. ಇದೂ ಕಡಿದು ಹೋದದ್ದಾ?

ಮಣ್ಣಗುಡ್ಡೆ_ಪೈಪೆಟ್:
ಕಡಿದದ್ದು ಮಾತ್ರ ಅಂತ ಹೇಳ್ಲಿಕ್ಕಾಗುದಿಲ್ಲ, ಸೆಲ್‌ಗೇ ಅಂಟಿ ಉಳಿಯುದೂ ಉಂಟು. ಅದಕ್ಕೇ ಎಂಆರ್‌ಎನ್‌ಎ ಒಂದನ್ನೇ ತೋರ್ಸಿ "ರಕ್ಷಣೆ ಹೆಚ್ಚಾಯ್ತು" ಅಂತ ಬರೆದವರನ್ನ ನಾನು ನಂಬುದಿಲ್ಲ. ಸೆಲ್ ಲೈಸೇಟ್ (ಸೆಲ್ ಒಡೆದು ತೆಗೆದ ದ್ರವ), ಮೀಡಿಯಂ ಎರಡನ್ನೂ ಬ್ಲಾಟ್ (ಪ್ರೋಟೀನನ್ನ ಗಾತ್ರದ ಪ್ರಕಾರ ಬೇರೆ ಮಾಡಿ ತೋರಿಸುವ ಟೆಸ್ಟ್) ಮಾಡಿ, ತುಂಡಿನ ಬ್ಯಾಂಡ್ ಬರ್ತದಾ ನೋಡಿ. ಎಸ್‌ಎಲ್‌ಪಿಐ ಪೂರ್ತಿ ಇದ್ರೆ 12 ಕಿಲೋಡಾಲ್ಟನ್ ಹತ್ರ ಇರ್ತದೆ. ಜೊತೆಗೆ ಅದೇ ಸ್ಯಾಂಪಲ್‌ಗೆ ಗೊತ್ತಿರುವ ಪ್ರಮಾಣದ ಇಲಾಸ್ಟೇಸ್ ಹಾಕಿ, ಕಡಿದ್ರೆ ಬಣ್ಣ ಬಿಡುವ ಪ್ಯಾರಾ-ನೈಟ್ರೋಅನಿಲೈಡ್ ಸಬ್‌ಸ್ಟ್ರೇಟ್ ಇಟ್ಟು 405 ನ್ಯಾನೋಮೀಟರಲ್ಲಿ ಓದಿ, ಎಷ್ಟು ತಡೀತು ಅಂತ ಸಿಗ್ತದೆ. ಟಿಜಿಎಫ್-ಬೀಟಾ ಅನ್ನುವ ಸಿಗ್ನಲ್ ಪ್ರೋಟೀನ್ ಎಸ್‌ಎಲ್‌ಪಿಐಯನ್ನ ಇಳಿಸ್ತದೆ ಅನ್ನುದನ್ನೂ ಒಂದು ಸ್ಲೈಡಲ್ಲಿ ಹಾಕಿ, ಗಾಯ ಮಾಗುವ ಹಂತದಲ್ಲಿ ಟಿಜಿಎಫ್ ಏರುದಲ್ವಾ, ಎಕ್ಸಾಮಿನರ್ ಅಲ್ಲಿಂದಲೇ ಕೇಳ್ಬಹುದು.