ಸ್ನೂಕರ್ ಕ್ಯೂ ತುದಿಯ ಹಿತ್ತಾಳೆಗೆ ಏನನ್ನೋಣ? ‘ಅಣಸು’ ನಡೆಯುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ.

ಸ್ನೂಕರ್ ಕ್ಯೂ, ಅಂದರೆ ಚೆಂಡು ಹೊಡೆಯುವ ಕೋಲು, ಅದರ ತುದಿಗೆ ಚರ್ಮದ ಟಿಪ್ ಇರುತ್ತದೆ. ಟಿಪ್‌ನ ಕೆಳಗೆ ಕಟ್ಟಿಗೆಯನ್ನು ಸುತ್ತಿ ಹಿಡಿದಿರುವ ಒಂದು ಸಣ್ಣ ಹಿತ್ತಾಳೆ ಭಾಗ ಇರುತ್ತದಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ಫೆರೂಲ್ ಅಂತಾರೆ. ಹುಬ್ಬಳ್ಳಿಯಲ್ಲಿ ನಾನು ಆಡುವ ಕಡೆ ಎಲ್ಲರೂ ‘ರಿಂಗ್’ ಅಂತಾರೆ. ಟಿಪ್ ಬದಲಿಸುವುದು ಹೇಗೆ ಅಂತ ಹೊಸ ಹುಡುಗರಿಗಾಗಿ ಕನ್ನಡದಲ್ಲಿ ಒಂದು ಪುಟ ಬರೆಯುತ್ತಿದ್ದೇನೆ, ಗೋಡೆಗೆ ಅಂಟಿಸಲು. ಅಲ್ಲಿ ಈ ‘ರಿಂಗ್’ ಕಾಲಿಗೆ ತೊಡರುತ್ತಿದೆ. ಎರಡು ತುಂಡಿನ ಕ್ಯೂನಲ್ಲಿ ನಡುವಿನ ಜೋಡಣೆಗೂ ಹಿತ್ತಾಳೆ ಇರುತ್ತದೆ. ‘ರಿಂಗ್ ಸಡ್ಲ ಆಗೇದ ನೋಡ್ರಿ’ ಅಂದರೆ ಯಾವುದು ಅಂತ ಮತ್ತೆ ಕೇಳಬೇಕು. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ರಿಂಗ್ ಅಂದ ಕೂಡಲೇ ಅದು ಬರೀ ಅಲಂಕಾರ ಅನ್ನಿಸಿಬಿಡುತ್ತದೆ. ಆಮೇಲೆ ಪಾಲಿಶ್ ಪೇಪರ್ ಹಿಡಿದು ಸುಮ್ನೆ ಉಜ್ಜುತ್ತಾ ಕೂಡುತ್ತಾರೆ. ಹಿತ್ತಾಳೆ ಸವೆದು ತೆಳ್ಳಗಾಗುತ್ತದೆ.

ಅದು ಅಲಂಕಾರ ಅಲ್ಲವೇ ಅಲ್ಲ. ಕ್ಯೂನ ಕೋಲು ಸಾಮಾನ್ಯವಾಗಿ ಆ್ಯಶ್ ಅಥವಾ ಮೇಪಲ್ ಕಟ್ಟಿಗೆಯದು. ತುದಿ 9ರಿಂದ 10 ಮಿಲಿಮೀಟರ್ ದಪ್ಪ, ಅಷ್ಟೇ. ಪ್ರತಿ ಹೊಡೆತದ ಪೆಟ್ಟು ನೇರವಾಗಿ ಅಲ್ಲಿಗೇ ಬರುತ್ತದೆ. ಹಿತ್ತಾಳೆ ಬಿಗಿಯಾಗಿ ಹಿಡಿದಿರದಿದ್ದರೆ ಕಟ್ಟಿಗೆ ಎಳೆಎಳೆಯಾಗಿ ಸೀಳುತ್ತದೆ. ಸಡಿಲವಾದ ಕ್ಯೂ ಹೊಡೆದಾಗ ಒಂದು ಥರ ‘ಟಿಕ್’ ಅನ್ನುತ್ತದೆ. ಕಿವಿಗೆ ಅಭ್ಯಾಸವಾದರೆ ಪಕ್ಕದ ಟೇಬಲ್‌ನಿಂದಲೇ ಗೊತ್ತಾಗುತ್ತದೆ.

‘ಟಿಪ್’ ಪದವನ್ನು ನಾನು ಮುಟ್ಟುವುದಿಲ್ಲ. ಅದು ಎಲ್ಲರ ಬಾಯಲ್ಲಿದೆ. ಕ್ಯೂ, ಟಿಪ್ ಜಾರದಿರಲಿ ಅಂತ ಹಚ್ಚುವ ಚಾಕ್, ಅಂಕ ಎಣಿಸುವ ಮಾರ್ಕರ್ ಕೂಡ ಹಾಗೇ ಇರಲಿ. ಸ್ನೂಕರ್ ಹುಟ್ಟಿದ್ದೇ 1875ರಲ್ಲಿ ನಮ್ಮ ಜಬಲ್ಪುರದಲ್ಲಿ, ಈ ಪದಗಳು ನಮಗೆ ಹೊಸವೇನಲ್ಲ. ಬೇಕಾಗಿರುವುದು ಈ ಒಂದು ಭಾಗಕ್ಕೆ ಮಾತ್ರ.

ಗೆಳೆಯರೊಬ್ಬರು ‘ಟೊಪ್ಪಿಗೆ’ ಅಂದರು. ಒಪ್ಪಲು ಆಗಲಿಲ್ಲ. ಹಳೆ ಟಿಪ್ ಕಿತ್ತು ನೋಡಿ: ಸಾಮಾನ್ಯವಾಗಿ ಹಿತ್ತಾಳೆಯ ಬಾಯಿ ತೆರೆದಿರುತ್ತದೆ, ನಡುವೆ ಕಟ್ಟಿಗೆಯ ಮುಖ ಕಾಣುತ್ತದೆ. ಹೊಸ ಟಿಪ್ ಕಟ್ಟಿಗೆಯ ಮೇಲೂ ಹಿತ್ತಾಳೆಯ ಮೇಲೂ ಒಂದೇ ಮಟ್ಟದಲ್ಲಿ ಕೂಡಬೇಕು. ಕಟ್ಟಿಗೆ ಕೂದಲೆಳೆಯಷ್ಟು ತಗ್ಗಾದರೂ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಟೊಪ್ಪಿಗೆ ಅಂದರೆ ತಲೆ ಮುಚ್ಚಿರಬೇಕು, ಅಲ್ವಾ? ‘ಬಳೆ’ ಅನ್ನಬಹುದು, ಆದರೆ ಅದು ರಿಂಗ್‌ನ ತೊಂದರೆಯನ್ನೇ ಮತ್ತೆ ತರುತ್ತದೆ. ‘ಕಟ್ಟು’ ಅಂದರೆ ದಾರ ಸುತ್ತಿದ ಹಾಗೆ ಕೇಳಿಸುತ್ತದೆ.

ಉಳಿದದ್ದು ‘ಅಣಸು’. ಒನಕೆಯ ತುದಿಗೆ ಹಾಕುವ ಕಬ್ಬಿಣದ ಬಳೆಗೆ ಈ ಹಳೆಯ ಪದ ಇದೆ. ಕುಟ್ಟುವ ಪೆಟ್ಟಿಗೆ ಕಟ್ಟಿಗೆ ಒಡೆಯದಿರಲಿ ಅಂತ ಹಾಕುವುದು, ಹಾಗಾಗಿ ಕೆಲಸ ಒಂದೇ. ವಿಭಕ್ತಿ ಹಚ್ಚಿದರೂ ತೊಡಕಿಲ್ಲ: ‘ಬ್ಲೇಡು ಟಿಪ್‌ನ ಮೇಲೆ ಮಾತ್ರ ಓಡಲಿ, ಅಣಸಿಗೆ ಗೀರು ಬೀಳಬಾರದು.’ ಪುಟದಲ್ಲಿ ಹೀಗೆ ಬರೆದು ಓದಿ ನೋಡಿದೆ, ನಾಲಿಗೆಗೆ ಸಲೀಸಾಗಿ ಬಂತು.

ಆದರೂ ಒಂದು ಅನುಮಾನ ಕಾಡುತ್ತಿದೆ. ಒನಕೆಯಲ್ಲಿ ಕಬ್ಬಿಣವೇ ಕಾಳಿನ ಮೇಲೆ ಬೀಳುತ್ತದೆ. ಕ್ಯೂನಲ್ಲಿ ಹಿತ್ತಾಳೆ ಚೆಂಡಿಗೆ ತಾಕಲೇಬಾರದು. ಟಿಪ್ ಸವೆದು ಹಾಳೆಯಷ್ಟು ತೆಳ್ಳಗಾದ ಮೇಲೂ ಆಡಿದರೆ ಹಿತ್ತಾಳೆಯ ಅಂಚು ಬಿಳಿ ಚೆಂಡಿಗೆ ಬಡಿದು ಕಲೆ ಮಾಡುತ್ತದೆ. ಆ ಲೆಕ್ಕದಲ್ಲಿ ಕುಡಗೋಲಿನ ಹಿಡಿಕೆಗೋ ಉಳಿಯ ಹಿಡಿಕೆಗೋ ಹಾಕುವ ಬಳೆ ಹೆಚ್ಚು ಹತ್ತಿರ. ಅದು ತಾನು ಕೆಲಸಕ್ಕೆ ಇಳಿಯದೆ ಕಟ್ಟಿಗೆಯನ್ನು ಬಿಗಿಹಿಡಿದಿರುತ್ತದೆ, ಅಷ್ಟೇ. ಅದಕ್ಕೂ ಅಣಸು ಅಂತಲೇ ಅಂತೀರಾ, ಬೇರೆ ಹೆಸರಿದೆಯಾ? ಗೋಕುಲ ರಸ್ತೆಯ ಲೇತ್‌ನವರನ್ನು ಕೇಳಿದರೆ ‘ಬುಶ್’ ಅಂದರು. ಬಡಿಗೇರರ ಮನೆಯವರು, ಕಮ್ಮಾರರ ಮನೆಯವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಕ್ರಿಯಾಪದದ ಬಗ್ಗೆಯೂ ಒಂದು ಮಾತು. ನಮ್ಮ ಕಡೆ ಎಲ್ಲದಕ್ಕೂ ‘ಹಚ್ಚು’. ‘ಟಿಪ್ ಹಚ್ಚಿಸಬೇಕ್ರಿ’ ಅಂತಾರೆ. ಅಂಟಿನ ಮಟ್ಟಿಗೆ ಅದು ಸರಿ. ಟಿಪ್‌ಗೆ ಮಾತ್ರ ನಾನು ‘ಕೂಡಿಸು’ ಅಂತ ಬರೆದಿದ್ದೇನೆ, ಅಕ್ಕಸಾಲಿಗರು ಹರಳು ಕೂಡಿಸುತ್ತಾರಲ್ಲ, ಹಾಗೆ. ಕೆಲಸವೂ ಅಷ್ಟೇ ನಾಜೂಕಿನದು. ಹಳೆ ಅಂಟನ್ನು ಪೂರ್ತಿ ಕೆರೆಯಬೇಕು. ಟಿಪ್‌ನ ಬೆನ್ನನ್ನು ಗಾಜಿನ ಮೇಲಿಟ್ಟ ಪಾಲಿಶ್ ಪೇಪರಿನ ಮೇಲೆ ಉಜ್ಜಿ ಸಪಾಟು ಮಾಡಬೇಕು. ತೆಳ್ಳಗೆ ಅಂಟು ಹಚ್ಚಿ, ನಡುವಿಗೆ ತಂದು, ಒತ್ತಿ ಹಿಡಿಯಬೇಕು. ಟಿಪ್ ಅಣಸಿಗಿಂತ ತುಸು ಅಗಲ ಇರುವುದೇ ಒಳ್ಳೆಯದು. ಅಂಟು ಪೂರ್ತಿ ಒಣಗಿದ ಮೇಲೆ ಕ್ಯೂ ತಲೆಕೆಳಗು ಮಾಡಿ, ಟಿಪ್‌ನ ಮುಖವನ್ನು ಗಟ್ಟಿ ಹಲಗೆಗೆ ಊರಿ, ಮೇಲಿಂದ ಕೆಳಕ್ಕೆ ಬ್ಲೇಡು ಎಳೆದು ಹೊರಗೆ ಚಾಚಿದ್ದನ್ನು ತೆಗೆಯಬೇಕು. ಅವಸರ ಮಾಡಿದರೆ ಚರ್ಮ ಕಿತ್ತು ಬರುತ್ತದೆ. ಎಲ್ಕ್ ಮಾಸ್ಟರ್‌ನಂಥ ಮೆತ್ತನೆಯ ಟಿಪ್ ಆಡುತ್ತಾ ಆಡುತ್ತಾ ಮತ್ತೆ ಅಂಚಿನಾಚೆ ಹರಡುತ್ತದೆ. ಇದಕ್ಕೆ ನಮ್ಮ ಹುಡುಗರು ‘ಟಿಪ್ ಹರಡೇದ’ ಅಂತಾರೆ. ಇದಕ್ಕಿಂತ ಚಂದದ ಮಾತು ಬೇಕಿಲ್ಲ, ಹಾಗೇ ಬರೆದುಕೊಂಡಿದ್ದೇನೆ.

ಇನ್ನೊಂದಕ್ಕೆ ಮಾತ್ರ ಪದ ಸಿಕ್ಕಿಲ್ಲ. ಟಿಪ್ ಗಟ್ಟಿಯಾಗಿ ಹೊಳಪು ಬಂದರೆ ಚಾಕ್ ಹಿಡಿಯಲ್ಲ, ಚೆಂಡಿನ ಮೇಲೆ ಜಾರಿ ಮಿಸ್‌ಕ್ಯೂ ಆಗುತ್ತದೆ. ಆಗ ಸಣ್ಣ ಅರದಿಂದ ಮೆಲ್ಲಗೆ ಒತ್ತಿ, ಚುಚ್ಚಿ, ಮುಖವನ್ನು ಮತ್ತೆ ಒರಟು ಮಾಡುತ್ತೇವೆ. ‘ಉಜ್ಜು’ ಅಂತ ಬರೆದರೆ ಟಿಪ್ಪನ್ನೇ ಸವೆಸಿಬಿಡುತ್ತಾರೆ. ‘ಕೆರೆ’ ಅಂದರೂ ಅದೇ ಪಾಡು. ಬೀಸುಕಲ್ಲು ನುಣುಪಾದಾಗ ಉಳಿಯಿಂದ ಹೊಡೆದು ಒರಟು ಮಾಡಿಕೊಡುವವರು ಓಣಿಗೆ ಬರುತ್ತಿದ್ದರಲ್ಲ, ಆ ಕೆಲಸಕ್ಕೆ ನಿಮ್ಮ ನಿಮ್ಮ ಊರಲ್ಲಿ ಏನನ್ನುತ್ತೀರಿ? ಗದಗ, ಹಾವೇರಿ ಕಡೆಯ ಹಳ್ಳಿಗಳವರು ಮನೆಯ ಹಿರಿಯರನ್ನು ಒಮ್ಮೆ ಕೇಳಿ ತಿಳಿಸಿದರೆ ಉಪಕಾರವಾಗುತ್ತದೆ. ಊರಿನ ಹೆಸರನ್ನೂ ಬರೆಯಿರಿ. ಅಣಸು ಇನ್ನೂ ಬಳಕೆಯಲ್ಲಿದ್ದರೆ ಅದನ್ನು ಹೇಗೆ ಉಚ್ಚರಿಸುತ್ತಾರೆ ಅನ್ನುವುದೂ ಬೇಕು.