ಬಸ್ಟರ್ ಕೀಟನ್‌ನ ‘ಸ್ಟೋನ್ ಫೇಸ್’ಗೆ ಕನ್ನಡದಲ್ಲಿ ಏನನ್ನೋಣ? (ಸಂಜೆಯೊಳಗೆ ಬೇಕು)

ಎಸ್.ಕೆ. ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಚಿತ್ರಸಮಾಜದಲ್ಲಿ ಮುಂದಿನ ವಾರ ಬಸ್ಟರ್ ಕೀಟನ್‌ನ ಮೂಕಿ ಚಿತ್ರಗಳನ್ನು ತೋರಿಸುತ್ತಿದ್ದೇವೆ. ಬಾಗಿಲ ಹತ್ತಿರ ನಿಲ್ಲಿಸೋಕೆ ಒಂದು ಫಲಕ ಆಗಬೇಕು. ಒಳಗಿನ ಬರಹ ಮುಗಿದಿದೆ, ತಲೆಬರಹ ಬಾಕಿ. ಅಮೆರಿಕದವರು ಅವನಿಗೆ ‘ಗ್ರೇಟ್ ಸ್ಟೋನ್ ಫೇಸ್’ ಅಂತ ಹೆಸರಿಟ್ಟಿದ್ದರು. ಮುಖದಲ್ಲಿ ಏನೂ ತೋರಿಸದೆ ನಗಿಸುವ ಅವನ ನಟನೆಯ ರೀತಿಗೆ ‘ಡೆಡ್‌ಪ್ಯಾನ್’ ಅನ್ನುತ್ತಾರೆ. ಎರಡಕ್ಕೂ ಹೊಂದುವ ಒಂದೇ ಪದ ಸಿಗಬಹುದಾ? ನನಗೆ ತೋಚಿದ್ದು ‘ನಿರ್ಭಾವ ಮುಖ’. ಓದಿದರೆ ಆಸ್ಪತ್ರೆಯ ಚೀಟಿ ಥರ ಇದೆ.

ಅವನ ಬಗ್ಗೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಹುಟ್ಟಿದ್ದು 1895ರಲ್ಲಿ, ಕ್ಯಾನ್ಸಸ್ ರಾಜ್ಯದ ಪಿಕ್ವಾದಲ್ಲಿ. ಅಪ್ಪ ಅಮ್ಮ ಇಬ್ಬರೂ ವಾಡ್‌ವಿಲ್ ನಟರು, ಊರೂರು ಸುತ್ತಿ ಆಟ ಆಡುವವರು. ಮಗನೂ ಪುಟ್ಟ ಮಗುವಾಗಿದ್ದಾಗಲೇ ರಂಗಕ್ಕೆ ಬಂದ. ಅಪ್ಪ ಅವನನ್ನು ಎತ್ತಿ ಎಸೆಯೋದೇ ಆಟ. ಹಿಡಿದು ಎಸೆಯೋಕೆ ಅನುಕೂಲ ಆಗಲಿ ಅಂತ ಅಂಗಿಯ ಬೆನ್ನಿಗೆ ಸೂಟ್‌ಕೇಸಿನ ಹಿಡಿ ಹೊಲಿದಿದ್ದರು! ಬಿದ್ದು ಎದ್ದು ತಾನೇ ನಕ್ಕರೆ ಜನ ನಗೋದು ಕಡಿಮೆ ಅಂತ ಹುಡುಗನಿಗೆ ಬೇಗ ಗೊತ್ತಾಯಿತು. ಆಮೇಲೆ ನಗೋದನ್ನೇ ಬಿಟ್ಟ.

ಫಲಕ ಸಂಜೆ ಪ್ರೆಸ್ಸಿಗೆ ಹೋಗಬೇಕು. ‘ಸ್ಟಂಟ್’ಗೂ ಒಂದು ಪದ ಸಿಕ್ಕರೆ ಒಳ್ಳೇದು.

ಜಿ.ವಿ. ಬರೆದದ್ದು:

ಕಲ್ಮೊಗ. ಮುಗಿಯಿತು.

ಯಾರಾದರೂ ‘ಕಲ್ಲುಮುಖ’ ಅನ್ನುವ ಮೊದಲೇ ಹೇಳಿಬಿಡುತ್ತೇನೆ, ಅದು ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸಿದ ತಪ್ಪು ಜೋಡಣೆ.

ಆರ್.ಎನ್. ಬರೆದದ್ದು:

ಮೇಷ್ಟ್ರೇ, ಸಿನಿಮಾ ನೋಡೋಕೆ ಬರುವವರು ಬಾಗಿಲಲ್ಲಿ ನಿಂತು ಸಮಾಸ ಬಿಡಿಸುತ್ತಾರಾ? ‘ಡೆಡ್‌ಪ್ಯಾನ್’ ಅಂತಲೇ ಕನ್ನಡದಲ್ಲಿ ಬರೆದುಬಿಡಿ. ಕ್ಲೋಸಪ್, ಸೆಟ್, ಶಾಟ್, ಟೇಕ್ ಎಲ್ಲಾ ನಮ್ಮವೇ ಆಗಿವೆ. ಇದೊಂದಕ್ಕೆ ಯಾಕೆ ಮಡಿ?

ಜಿ.ವಿ. ಬರೆದದ್ದು:

ಪ್ಯಾನ್ ಅಂದರೆ ನಮ್ಮ ಜನಕ್ಕೆ ಬಾಣಲೆ. ಸತ್ತ ಬಾಣಲೆ ಅಂತ ಫಲಕ ಹಾಕುತ್ತೀರಾ?

ಆರ್.ಎನ್. ಬರೆದದ್ದು:

ಅಮೆರಿಕದ ಆಡುಮಾತಲ್ಲಿ ಪ್ಯಾನ್ ಅಂದರೆ ಮುಖವೇ, ಸರ್. 1920ರ ದಶಕದ ನಾಟಕದವರ ಮಾತು. ಸುಮ್ನೆ ಹೀಯಾಳಿಸಬೇಡಿ.

ಬಿ.ಎಂ. ಬರೆದದ್ದು:

ಮೊಗ ಅನ್ನೋದು ಪದ್ಯದಾಗಿನ ಮಾತು. ನಮ್ಮ ಧಾರವಾಡದ ಕಡೆ ಮುಖಕ್ಕೆ ‘ಮಾರಿ’ ಅಂತೀವಿ. ಕಲ್ಲುಮಾರಿ ಅಂದರೆ ಸಣ್ಣ ಹುಡುಗರಿಗೂ ತಿಳೀತದ. ಈ ಚರ್ಚಾಪಟ್ಟಿಯವರು ಯಾವಾಗಲೂ ತುಂಗಭದ್ರೆಯ ದಕ್ಷಿಣಕ್ಕೆ ನಿಂತು ಕನ್ನಡ ಅಳೀತಾರ.

ಎಸ್.ಕೆ. ಬರೆದದ್ದು:

ಬಿ.ಎಂ. ಅವರೇ, ನಮ್ಮ ಕಡೆ ಕಲ್ಲುಮಾರಿ ಅಂದರೆ ಗುಡಿ, ಜಾತ್ರೆ ನೆನಪಾಗುತ್ತೆ. ‘ಕಲ್ಲುಮೋರೆ’ ಅನ್ನೋಣ ಅಂದರೆ ಮೋರೆ ಬೈಗುಳದ ಹತ್ತಿರ ಹೋಗುತ್ತೆ ಅಲ್ವಾ? ಮಧ್ಯಾಹ್ನ ಆಯಿತು, ದಯವಿಟ್ಟು.

ಕೆ.ಪಿ. ಬರೆದದ್ದು:

ಪದ ಹುಡುಕುವ ಮೊದಲು ಇಲ್ಲಿ ಎಷ್ಟು ಜನ ಅವನ ಚಿತ್ರ ನೋಡಿದ್ದೀರಿ? ‘ನಿರ್ಭಾವ’ ತಪ್ಪು ಅಂತ ಯಾರೂ ಹೇಳಲಿಲ್ಲ, ಅದಕ್ಕೆ ಕೇಳಿದೆ.

1926ರ ‘ದಿ ಜನರಲ್’ ನೋಡಿ. ಅವನು ರೈಲು ಎಂಜಿನ್ ಓಡಿಸುವವನು. ಸೈನ್ಯಕ್ಕೆ ಸೇರಿಸಿಕೊಳ್ಳಲಿಲ್ಲ, ಹುಡುಗಿ ಅವನನ್ನು ಹೇಡಿ ಅಂದುಕೊಂಡು ಹೋದಳು. ಎಂಜಿನ್ನಿನ ದೊಡ್ಡ ಚಕ್ರಗಳನ್ನು ಜೋಡಿಸುವ ಕಬ್ಬಿಣದ ದಂಡದ ಮೇಲೆ ಹೋಗಿ ಕೂರುತ್ತಾನೆ. ಎಂಜಿನ್ ಹೊರಡುತ್ತೆ. ದಂಡದ ಜೊತೆ ಅವನೂ ಮೇಲೆ ಹೋಗುತ್ತಾನೆ, ಕೆಳಗೆ ಬರುತ್ತಾನೆ, ಮತ್ತೆ ಮೇಲೆ. ಅವನಿಗೆ ಗೊತ್ತೇ ಆಗಲ್ಲ. ಮುಖದಲ್ಲಿ ಒಂದು ಗೆರೆಯೂ ಅಲುಗಲ್ಲ. ಆದರೂ ಅವನ ದುಃಖ ಪೂರ್ತಿ ಕಾಣುತ್ತೆ, ನಮಗೆ ನಗುವೂ ಬರುತ್ತೆ. ಇದನ್ನು ನಿರ್ಭಾವ ಅನ್ನೋದಾ? ಭಾವ ಇದೆ. ಅದನ್ನು ಮುಖಕ್ಕೆ ಬಿಡಲ್ಲ, ಅಷ್ಟೇ. ಕಣ್ಣಿಗೆ, ಬೆನ್ನಿಗೆ, ಕೂರುವ ರೀತಿಗೆ ಬಿಡುತ್ತಾನೆ.

1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ನಲ್ಲಿ ಮನೆಯ ಇಡೀ ಮುಂಗೋಡೆ ಅವನ ಮೇಲೆ ಬೀಳುತ್ತೆ. ನಿಜವಾದ ಭಾರದ ಗೋಡೆ. ತೆರೆದ ಕಿಟಕಿಯ ಜಾಗ ಸರಿಯಾಗಿ ಅವನು ನಿಂತ ಕಡೆಗೇ ಬಂದಿದ್ದರಿಂದ ಉಳಿದ. ಸ್ವಲ್ಪ ಆಚೀಚೆ ಆಗಿದ್ದರೆ ಅಲ್ಲೇ ಕಥೆ ಮುಗಿದಿರೋದು. ಆಗಲೂ ಅದೇ ಮುಖ.

‘ನಗದೆ ನಗಿಸಿದವ’ ಅಂತ ಹಾಕಿ. ಎಲ್ಲರಿಗೂ ಅರ್ಥ ಆಗುತ್ತೆ, ಯಾರ ಅಪ್ಪಣೆಯೂ ಬೇಡ.

ಜಿ.ವಿ. ಬರೆದದ್ದು:

ಅದು ವಿವರಣೆ, ಪದ ಅಲ್ಲ. ‘ಗ್ರೇಟ್ ಸ್ಟೋನ್ ಫೇಸ್’ ಬಿರುದು. ಬಿರುದಿಗೆ ಬಿರುದೇ ಬೇಕು.

ಇನ್ನೊಂದು ಮಾತು. ಬಿರುದಾವಳಿಯಲ್ಲಿ ಅರಿಸಮಾಸಕ್ಕೆ ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ರಿಯಾಯಿತಿ ಕೊಟ್ಟಿದ್ದಾನೆ. ಹಾಗಾಗಿ ‘ಕಲ್ಲುಮುಖ’ಕ್ಕೂ ದಾರಿ ಇದೆ. ಆದರೆ ಮೊಗಸಾಲೆ, ಮೊಗವಾಡ ಅಂತ ದಿನಾ ಬಳಸುವಾಗ ಮೊಗ ಇರುತ್ತಾ ಮುಖ ಯಾಕೆ? ಅಷ್ಟಕ್ಕೂ ಸಂಸ್ಕೃತದ ‘ಮುಖ’ವೇ ದ್ರಾವಿಡದಿಂದ ಹೋದದ್ದು ಅಂತ ವಾದಿಸಿದ ವಿದ್ವಾಂಸರಿದ್ದಾರೆ. ನಾನು ಅವರ ಪಕ್ಷ.

ಆರ್.ಎನ್. ಬರೆದದ್ದು:

ಶುರುವಾಯಿತು. ಈ ಪಟ್ಟಿಯಲ್ಲಿ ಏನು ಕೇಳಿದರೂ ಕೊನೆಗೆ ಸಂಸ್ಕೃತವೇ ಕನ್ನಡದಿಂದ ಹೋಗಿದ್ದು ಅಂತ ಆಗುತ್ತೆ.

ಜಿ.ವಿ. ಬರೆದದ್ದು:

ದ್ರಾವಿಡ ಅಂದೆ, ಕನ್ನಡ ಅನ್ನಲಿಲ್ಲ. ಓದಿ ಉತ್ತರಿಸಿ.

ಎಸ್.ಕೆ. ಬರೆದದ್ದು:

‘ಸ್ಟಂಟ್’ ಯಾರೂ ಮುಟ್ಟಲಿಲ್ಲ. ನನ್ನ ವಾಕ್ಯ ಹೀಗಿದೆ: ‘1924ರ ಷರ್ಲಾಕ್ ಜೂನಿಯರ್ ಚಿತ್ರೀಕರಣದಲ್ಲಿ ರೈಲ್ವೆ ನೀರಿನ ತೊಟ್ಟಿಯ ಕೊಳವೆಗೆ ಜೋತುಬಿದ್ದಾಗ ನೀರು ರಭಸವಾಗಿ ಸುರಿದು ಹಳಿಯ ಮೇಲೆ ಬಿದ್ದ. ಕತ್ತಿನ ಮೂಳೆ ಮುರಿದಿತ್ತು ಅನ್ನೋದು ಎಷ್ಟೋ ವರ್ಷ ಕಳೆದ ಮೇಲೆ ವೈದ್ಯರಿಂದ ತಿಳಿಯಿತು.’ ಇದರ ಹಿಂದೆ ‘ತನ್ನ ಸ್ಟಂಟ್‌ಗಳನ್ನು ತಾನೇ ಮಾಡುತ್ತಿದ್ದ’ ಅಂತ ಬರಬೇಕು. ‘ಸಾಹಸ’ ಅನ್ನಲಾ?

ಜಿ.ವಿ. ಬರೆದದ್ದು:

ಹಳೆಯ ಧರ್ಮಶಾಸ್ತ್ರಗಳಲ್ಲಿ ಸಾಹಸ ಅಂದರೆ ಬಲಾತ್ಕಾರದ ಅಪರಾಧ. ಎಚ್ಚರ.

ಕೆ.ಪಿ. ಬರೆದದ್ದು:

ಮೇಷ್ಟ್ರೇ, ಚಿತ್ರದ ಟೈಟಲ್ ಕಾರ್ಡಿನಲ್ಲಿ ‘ಸಾಹಸ’ ಅಂತ ಓದಿ ಯಾರೂ ಪೊಲೀಸರನ್ನು ಕರೆದಿಲ್ಲ. ಸಾಹಸ ಸಾಕು.

ಎಸ್.ಕೆ. ಅವರೇ, ಫಲಕದಲ್ಲಿ 1928ರಲ್ಲಿ ಅವನು ಎಂಜಿಎಂ ಸ್ಟುಡಿಯೋ ಸೇರಿದ್ದನ್ನೂ ಬರೆಯಿರಿ. ಅದಕ್ಕೂ ಮುಂಚೆ ಚಿತ್ರ ಅವನ ಕೈಯಲ್ಲೇ ಇತ್ತು. ಅಲ್ಲಿ ಸ್ಕ್ರಿಪ್ಟ್ ಬೇರೆಯವರದು, ಲೆಕ್ಕ ಬೇರೆಯವರದು. ಬಾಳಿನ ದೊಡ್ಡ ತಪ್ಪು ಅಂತ ಅವನೇ ಹೇಳಿಕೊಂಡ. ಕುಡಿತ ಜಾಸ್ತಿಯಾಯಿತು, 1933ರಲ್ಲಿ ಕೆಲಸ ಹೋಯಿತು. ಆಮೇಲೆ ಅದೇ ಕಂಪನಿಗೆ ಬೇರೆಯವರ ಚಿತ್ರಕ್ಕೆ ನಗೆ ಪ್ರಸಂಗ ಬರೆದುಕೊಡುವ ಕೂಲಿ. 1952ರಲ್ಲಿ ಚಾಪ್ಲಿನ್ ‘ಲೈಮ್‌ಲೈಟ್’ನಲ್ಲಿ ಜೊತೆಗೆ ನಿಲ್ಲಿಸಿಕೊಂಡ. 1960ರಲ್ಲಿ ಗೌರವ ಆಸ್ಕರ್. 1966ರಲ್ಲಿ ತೀರಿಕೊಂಡ. ಟಾಕಿ ಬಂದು ಅವನನ್ನು ಮುಗಿಸಿತು ಅಂತ ಮಾತ್ರ ಬರೆಯಬೇಡಿ. ಮುಗಿಸಿದ್ದು ಸ್ಟುಡಿಯೋ.

ಬಿ.ಎಂ. ಬರೆದದ್ದು:

ಇನ್ನೊಂದು ತಕರಾರು. ಫಲಕದಾಗ ‘ಕೀಟನ್’ ಅಂತ ದೊಡ್ಡ ಅಕ್ಷರದಾಗ ಬಂದರೆ ‘ಕೀಟ’ ಎದ್ದು ಕಾಣತದ. ‘ಬಸ್ಟರ್’ ದೊಡ್ಡದು ಮಾಡ್ರಿ.

ಎಸ್.ಕೆ. ಬರೆದದ್ದು:

ಕಳಿಸಿಬಿಟ್ಟೆ. ಮೇಲೆ ದೊಡ್ಡದಾಗಿ ‘ಕಲ್ಮೊಗದ ಬಸ್ಟರ್’. ಕೆಳಗೆ ‘ನಗದೆ ನಗಿಸಿದವ’. ಒಳಗೆ ಸಾಹಸ. ನಿರ್ಭಾವ ತೆಗೆದೆ. ಡೆಡ್‌ಪ್ಯಾನ್ ಎಲ್ಲೂ ಇಲ್ಲ. ಎಂಜಿಎಂ ಸಾಲು ಸೇರಿಸಿದೆ. ಎಲ್ಲರಿಗೂ ಥ್ಯಾಂಕ್ಸ್.

ಜಿ.ವಿ. ಬರೆದದ್ದು:

‘ಥ್ಯಾಂಕ್ಸ್’?

ಆರ್.ಎನ್. ಬರೆದದ್ದು:

ಮೇಷ್ಟ್ರೇ, ‘ರಿಯಾಯಿತಿ’ ಅರಬ್ಬಿಯಿಂದ ಬಂದದ್ದು. ಕೇಶಿರಾಜ ಕೊಟ್ಟನಲ್ಲ, ಅದೇ.