ಬಾಸ್ ಬೆಳವ ಬೇಟೆಗೆ ಕರೆದಿದ್ದಾರೆ, ಅದೇ ದಿನ ಫುಟ್‌ಬಾಲ್ ಬೇರೆ. ಹೋಗಲೋ ಬೇಡವೋ?

ಪ್ಲಾನೋ_ಹಾವೇರಿ:
ಎಲ್ಲರಿಗೂ ನಮಸ್ಕಾರ. ಡಲ್ಲಾಸ್ ಪಕ್ಕದ ಪ್ಲಾನೋದಲ್ಲಿದ್ದೇನೆ, ಟೆಕ್ಸಸ್‌ಗೆ ಬಂದು ಎರಡು ವರ್ಷ, ಎಚ್-1ಬಿ ಕೆಲಸದ ವೀಸಾ. ನಮ್ಮ ಮ್ಯಾನೇಜರ್ ಅಪ್ಪನಿಗೆ ಕೋಲ್ಮನ್ ಹತ್ತಿರ ರಾಂಚ್ ಇದೆ. ಡವ್ (ಬೆಳವ) ಬೇಟೆಯ ಸೀಸನ್ ಶುರುವಾದ ಕೂಡಲೇ ಮನೆಮಂದಿ ಎಲ್ಲ ಅಲ್ಲಿ ಸೇರುತ್ತಾರಂತೆ. ಸೆಪ್ಟೆಂಬರ್ 1 ಈ ಸಲ ಮಂಗಳವಾರ ಬಿದ್ದಿದೆ, ಹಾಗಾಗಿ ಲೇಬರ್ ಡೇ ವಾರಾಂತ್ಯದ ಶನಿವಾರ, 5ನೇ ತಾರೀಕೇ ಅವರಿಗೆ ಹಬ್ಬ. ಬೆಳಿಗ್ಗೆ ಬೇಟೆ, ಮಧ್ಯಾಹ್ನ ಟಿವಿ ಮುಂದೆ ಕಾಲೇಜ್ ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಚೆಂಡು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಆಟ), ಸಂಜೆ ಮತ್ತೆ ಬೇಟೆ, ರಾತ್ರಿ ಮತ್ತೆ ಫುಟ್‌ಬಾಲ್. ನನ್ನನ್ನೂ ಕರೆದಿದ್ದಾರೆ.

ಇಲ್ಲ ಅನ್ನಲು ಮನಸ್ಸಿಲ್ಲ, ಹೂಂ ಅನ್ನಲು ಧೈರ್ಯ ಇಲ್ಲ. ಕೋವಿ ಹಿಡಿದವನೇ ಅಲ್ಲ ನಾನು. ಚಿಕ್ಕವನಿದ್ದಾಗ ಜೋಳದ ಹೊಲದಲ್ಲಿ ಅಟ್ಟಣಿಗೆ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದೆ, ಒಂದಕ್ಕೂ ಕಲ್ಲು ತಾಗಿದ್ದು ನೆನಪಿಲ್ಲ. ವೀಸಾದಲ್ಲಿ ಇರುವವರು ಕೋವಿ ಮುಟ್ಟಬಹುದಾ? ಫುಟ್‌ಬಾಲ್ ಅಂತೂ ಒಂದಕ್ಷರ ಗೊತ್ತಿಲ್ಲ, ಬಾಸ್ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಓದಿದವರು ಅನ್ನುವುದಷ್ಟೇ ಗೊತ್ತು. ಬೇಟೆಗೆ ಹೋಗುವವರು ಕಿತ್ತಳೆ ಬಣ್ಣ ಹಾಕಬೇಕು ಅಂತ ಯಾರೋ ಹೇಳಿದ್ದಕ್ಕೆ ಒಂದು ಕಿತ್ತಳೆ ಟೀಶರ್ಟ್ ಮಾತ್ರ ತಂದಿಟ್ಟುಕೊಂಡಿದ್ದೇನೆ.

ಆಸ್ಟಿನ್_ಅಕ್ಕ:
ಅಯ್ಯೋ ತಮ್ಮಾ, ಮೊದಲು ಆ ಟೀಶರ್ಟ್ ವಾಪಸ್ ಕೊಟ್ಟು ಬಾ! ಎ ಅಂಡ್ ಎಂ ಅವರ ಮನೆಗೆ ಕಿತ್ತಳೆ ಹಾಕಿಕೊಂಡು ಹೋಗ್ತೀಯಾ? ಅದು ಅವರ ಎದುರಾಳಿ, ನಮ್ಮ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ತಂಡ ಲಾಂಗ್‌ಹಾರ್ನ್ಸ್ ಬಣ್ಣ. ಅವರದು ಮರೂನ್. ಖಾಸಗಿ ಜಮೀನಿನಲ್ಲಿ ಡವ್ ಬೇಟೆಗೆ ಕಿತ್ತಳೆ ಕಡ್ಡಾಯವೂ ಅಲ್ಲ, ಒಣಹುಲ್ಲಿನ ಬಣ್ಣದ್ದೋ ಹಸಿರೋ ಹಾಕಿಕೋ.

ಫುಟ್‌ಬಾಲ್ ಜಾಸ್ತಿ ಕಲಿಯಬೇಕಿಲ್ಲ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಸಿಗುತ್ತದೆ, ಗೆರೆ ದಾಟಿಸಿದರೆ ಆರು ಪಾಯಿಂಟ್. ಇಷ್ಟು ಸಾಕು. ಅವರ ಕೈಲ್ ಫೀಲ್ಡ್ ಸ್ಟೇಡಿಯಂನಲ್ಲಿ 1,02,733 ಸೀಟು, ಆದರೂ ವಿದ್ಯಾರ್ಥಿಗಳು ಇಡೀ ಆಟ ನಿಂತೇ ನೋಡುತ್ತಾರೆ, ಯಾಕೆ ಅಂತ ಬಾಸ್ ಅಪ್ಪನನ್ನು ಕೇಳು. 1922ರಲ್ಲಿ ಡಲ್ಲಾಸ್‌ನ ಪಂದ್ಯದಲ್ಲಿ ಆಟಗಾರರು ಒಬ್ಬೊಬ್ಬರೇ ಪೆಟ್ಟಾಗಿ ಹೊರಗೆ ಬಂದಾಗ, ಪ್ರೇಕ್ಷಕರ ನಡುವೆ ಇದ್ದ ಇ. ಕಿಂಗ್ ಗಿಲ್ ಅನ್ನುವ ವಿದ್ಯಾರ್ಥಿ ಇಳಿದು ಬಂದು ಸಮವಸ್ತ್ರ ಹಾಕಿಕೊಂಡು ಕೊನೆವರೆಗೂ ನಿಂತಿದ್ದ, ಆಡುವ ಸರದಿ ಮಾತ್ರ ಬರಲೇ ಇಲ್ಲ. ಅವರು ನಿಂತೇ ನೋಡುವುದು, ತಮ್ಮನ್ನು 'ಟ್ವೆಲ್ತ್ ಮ್ಯಾನ್' (ಹನ್ನೆರಡನೇ ಆಟಗಾರ) ಅನ್ನುವುದು ಅದಕ್ಕೇ. ಈ ಕಥೆ ಕೇಳಿದರೆ ಮುದುಕಪ್ಪ ಒಂದು ಗಂಟೆ ಬಿಡುವುದಿಲ್ಲ, ನೀನು ಸುಮ್ನೆ ತಲೆ ಆಡಿಸುತ್ತಾ ಬಾರ್ಬೆಕ್ಯೂ ತಿನ್ನು.

ಒಂದೇ ಎಚ್ಚರಿಕೆ. ಲಾಂಗ್‌ಹಾರ್ನ್ಸ್ ಸುದ್ದಿ ಎತ್ತಬೇಡ. 2011ರ ನಂತರ ನಿಂತು ಹೋಗಿದ್ದ ಪಂದ್ಯ 2024ರಲ್ಲಿ ಮತ್ತೆ ಶುರುವಾಯಿತು, ನಾವು 17-7ರಲ್ಲಿ ಗೆದ್ದೆವು, ಅದೂ ಅವರ ಮನೆಯಂಗಳದಲ್ಲೇ. 2025ರಲ್ಲಿ ಅವರು ಒಂದೂ ಸೋಲದೆ ಆಸ್ಟಿನ್‌ಗೆ ಬಂದರು, ಆಗಲೂ ನಾವೇ ಗೆದ್ದೆವು, 27-17. ಗಾಯ ಇನ್ನೂ ಹಸಿ ಇದೆ.

ಮಡಿಕೇರಿ_ಮಳೆ:
ಅಕ್ಕ ಶರ್ಟಿನ ಕಥೆ ಮುಗಿಸಿದರು, ನಾನು ಕೋವಿಯದು ಹೇಳುತ್ತೇನೆ. ಸ್ಯಾನ್ ಆಂಟೋನಿಯೋದಲ್ಲಿದ್ದೇನೆ, ಪ್ರತಿ ವರ್ಷ ಹೋಗುತ್ತೇನೆ.

ಎಚ್-1ಬಿ, ಎಫ್-1 (ವಿದ್ಯಾರ್ಥಿ ವೀಸಾ) ತರಹದ ವೀಸಾದವರು ಕೋವಿಯಾಗಲಿ ತೋಟೆಯಾಗಲಿ ಹೊಂದುವುದು ಇಲ್ಲಿನ ಫೆಡರಲ್ ಕಾನೂನಿನಲ್ಲಿ ಅಪರಾಧ. ಕೋವಿ ಬಾಸಿನದು, ಜಮೀನೂ ಅವರದೇ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅದೇ ಕಾನೂನಿನಲ್ಲಿ ಒಂದು ಕಿಂಡಿ ಇದೆ: ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ಅಡ್ಡಿಯಿಲ್ಲ. ಹಾಗಾಗಿ ನಿಮಗೆ ಲೈಸೆನ್ಸ್ ಅಂದರೆ ಹಕ್ಕಿ ಹೊಡೆಯಲು ಮಾತ್ರ ಅಲ್ಲ, ಕೋವಿ ಮುಟ್ಟುವುದಕ್ಕೇ ಬೇಕು. ಇಲ್ಲೇ ಹುಟ್ಟಿದವರಿಗೆ ಈ ಸಂಗತಿ ಗೊತ್ತೇ ಇರುವುದಿಲ್ಲ, 'ಒಂದು ನಿಮಿಷ ಹಿಡ್ಕೋ, ಏನೂ ಆಗಲ್ಲ' ಅಂತ ಪ್ರೀತಿಯಿಂದಲೇ ಕೈಗೆ ಕೊಡುತ್ತಾರೆ. ಲೈಸೆನ್ಸ್ ಜೇಬಿನಲ್ಲಿ ಇಲ್ಲದಿದ್ದರೆ ಕೈ ಚಾಚಬೇಡಿ. ಅನುಮಾನ ಇದ್ದರೆ ನಿಮ್ಮ ವೀಸಾ ವಕೀಲರನ್ನು ಕೇಳಿ.

ಹೊಸ ವರ್ಷದ ಲೈಸೆನ್ಸ್ ಆಗಸ್ಟ್ 15ಕ್ಕೆ ಮಾರಾಟಕ್ಕೆ ಬರುತ್ತದೆ. ಟೆಕ್ಸಸ್ ನಿವಾಸಿಗೆ 25 ಡಾಲರ್, ವಲಸೆ ಹಕ್ಕಿಗೆ ಅಂತ ಮೇಲೆ ಇನ್ನೂ 7. 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಹಂಟರ್ ಎಜುಕೇಶನ್ ಅನ್ನುವ ಬೇಟೆ ತರಬೇತಿ ಕೋರ್ಸ್ ಬೇಕು, ಆನ್‌ಲೈನ್‌ನಲ್ಲೇ ಮುಗಿಯುತ್ತದೆ, ಒಂದು ರಜೆಯ ದಿನ ಕೂತು ಮುಗಿಸಿ. ಹತ್ತು ಡಾಲರ್ ಕೊಟ್ಟು ಒಂದು ವರ್ಷ ಮುಂದೂಡುವ ದಾರಿಯೂ ಇದೆ, ಆದರೆ ಕೋವಿ ಹಿಡಿಯದವರು ಆ ದಾರಿ ಹಿಡಿಯಬಾರದು ಅಂತ ನನ್ನ ಅಭಿಪ್ರಾಯ.

ಡವ್ ಬೇಟೆ ಅಂದರೆ ಕಾಡು ಸುತ್ತುವುದಲ್ಲ. ಹೊಲದ ಅಂಚಿನಲ್ಲೋ ದನಕ್ಕೆ ನೀರು ಕುಡಿಸುವ ಹೊಂಡದ ಪಕ್ಕದಲ್ಲೋ ಬಕೆಟ್ ಬೋರಲು ಹಾಕಿ ಕೂರುವುದು, ಹಕ್ಕಿ ಬಂದರೆ ಏಳುವುದು, ಹತ್ತು ತೋಟೆ ಸುಟ್ಟು ಒಂದು ಬಿದ್ದರೆ ಬೀಗುವುದು. ಅಲ್ಲಿ ಮೈಲೋ ಅಂತ ಬೆಳೆಯುತ್ತಾರೆ, ನೋಡಿದರೆ ನಗು ಬರುತ್ತದೆ ನಿಮಗೆ, ಅದು ನಮ್ಮ ಜೋಳವೇ, ಗಿಡ ಮಾತ್ರ ಗಿಡ್ಡ. ಕೊಯ್ದ ಹೊಲದಲ್ಲಿ ಉದುರಿದ ಕಾಳಿಗೆ ಬಂದ ಹಕ್ಕಿ ಹೊಡೆಯಬಹುದು, ಆಸೆ ತೋರಿಸಲು ಕಾಳು ಚೆಲ್ಲಿ ಹೊಡೆದರೆ ತಪ್ಪು. ದಿನಕ್ಕೆ ಒಬ್ಬರಿಗೆ 15. ಕೋವಿಯಲ್ಲಿ ಒಟ್ಟು ಮೂರಕ್ಕಿಂತ ಹೆಚ್ಚು ತೋಟೆ ಹಿಡಿಯದ ಹಾಗೆ ಒಳಗೆ ಅಡ್ಡ ಹಾಕಿರಬೇಕು. ತಗ್ಗಿನಲ್ಲಿ ಹಾರುವ ಹಕ್ಕಿಗೆ ಯಾವತ್ತೂ ಹೊಡೆಯಬೇಡಿ, ಹೊಲದ ಆಚೆ ಬದಿಯಲ್ಲೂ ಯಾರೋ ಬಕೆಟ್ ಮೇಲೆ ಕೂತಿರುತ್ತಾರೆ. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ, ಜಾಸ್ತಿ ನೀರು. ಬಕೆಟ್ ಇಡುವ ಮೊದಲು ಕೆಂಪಿರುವೆ ಗೂಡು ಇದೆಯಾ ನೋಡಿ, ನನಗೆ ಆ ಪಾಠ ಕೂತ ಜಾಗದಲ್ಲೇ ಆಯಿತು.

ಇನ್ನೊಂದು. ಸೆಪ್ಟೆಂಬರ್ 3ಕ್ಕೆ ನಮ್ಮ ಕೈಲ್ ಪೊಳ್ದ್, ಕೊಡವರ ಆಯುಧ ಪೂಜೆ ಹಬ್ಬ. ನಾಟಿ ಮುಗಿಯುವವರೆಗೆ ಒಳಗಿಟ್ಟ ಕೋವಿ, ಕತ್ತಿ ಹೊರಗೆ ತೆಗೆದು, ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆ ಮಾಡುತ್ತೇವೆ. ಹಿಂದೆ ಆಮೇಲೆ ಬೇಟೆಗೂ ಹೊರಡುತ್ತಿದ್ದರಂತೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಈಗ ತೆಂಗಿನಕಾಯಿಗೆ ಗುರಿ. ಇಲ್ಲಿಯ ಮುದುಕರು ಟ್ರಕ್ಕಿನ ಹಿಂದೆ ಕೋವಿ ಒರೆಸುತ್ತಾ ಕೂತಿದ್ದು ನೋಡಿದರೆ ನನಗೆ ಅಜ್ಜನ ನೆನಪು ಬರುತ್ತದೆ.

ಸುಮ್ನೆ_ಓದುಗ:
ಕ್ಷಮಿಸಿ, ನನಗೆ ಇದು ಹಿಡಿಸುವುದಿಲ್ಲ. ನೂರು ಗ್ರಾಂ ತೂಗುವ ಹಕ್ಕಿ, ಅದರ ಎದೆಮಾಂಸ ಎರಡು ತುತ್ತು. ಹಿತ್ತಲಲ್ಲಿ ಬೆಳವಕ್ಕೆ ಅಕ್ಕಿ ಚೆಲ್ಲಿದ ಮನೆಯವರು ನಾವು.

ಮಡಿಕೇರಿ_ಮಳೆ:
ನಿಮ್ಮ ಮಾತು ಸುಳ್ಳಲ್ಲ, ಜಗಳ ಆಡುವುದಿಲ್ಲ. ಹೊಡೆದಿದ್ದನ್ನು ಹುಡುಕಿ ತಂದು ತಿನ್ನಲೇಬೇಕು ಅನ್ನುವವನು ನಾನು, ಮೆಣಸು ಹಾಕಿ ಹುರಿಯುತ್ತೇನೆ. ಇಲ್ಲಿಯವರು ಹಸಿಮೆಣಸಿನಕಾಯಿ, ಕ್ರೀಮ್ ಚೀಸ್ ಇಟ್ಟು ಬೇಕನ್ ಸುತ್ತಿ ಸುಡುತ್ತಾರೆ. ಇದನ್ನೂ ಹೇಳಬೇಕು, ಇಲ್ಲಿ ಕೋವಿ, ತೋಟೆ ಮೇಲಿನ ಫೆಡರಲ್ ತೆರಿಗೆ 1937ರ ಕಾನೂನಿನಿಂದ ವನ್ಯಜೀವಿಗಳ ಕೆಲಸಕ್ಕೇ ಹೋಗುತ್ತದೆ. ಅಷ್ಟಾದರೂ ಇಷ್ಟವಿಲ್ಲದವರಿಗೆ ಇಷ್ಟವಿಲ್ಲ, ಅದೂ ಸರಿಯೇ.

ಆಸ್ಟಿನ್_ಅಕ್ಕ:
ಕೋವಿ ಹಿಡಿಯದೇ ಬರೀ ಕೂತು ನೋಡಿದರೂ ಯಾರೂ ಏನೂ ಅನ್ನುವುದಿಲ್ಲ ಕಣೋ. ನಮ್ಮ ಯಜಮಾನರು ಪುಳಿಯೋಗರೆ ಡಬ್ಬಿ ಹಿಡಿದು ಮೂರು ವರ್ಷ ಹಾಗೇ ಹೋಗಿದ್ದಾರೆ.

ಪ್ಲಾನೋ_ಹಾವೇರಿ:
ಎಲ್ಲರಿಗೂ ಧನ್ಯವಾದ. ಹೂಂ ಅಂದುಬಿಟ್ಟೆ. ಈ ಸಲ ಕೋವಿ ಬೇಡ, ಬಿದ್ದ ಹಕ್ಕಿ ಹುಡುಕಿ ತರುವ ಕೆಲಸ ನನ್ನದು ಅಂತ ಬಾಸ್‌ಗೆ ಹೇಳಿದೆ. 'ನಮ್ಮ ನಾಯಿಗಿಂತ ನೀನೇ ವಾಸಿ, ಅದು ಕಳೆದ ವರ್ಷ ಎರಡು ತಿಂದು ಹಾಕಿತು' ಅಂದರು. ಕೋರ್ಸ್ ಮಾತ್ರ ಈಗಲೇ ಶುರು ಮಾಡಿದ್ದೇನೆ, ಮುಂದಿನ ವರ್ಷ ನೋಡೋಣ. ಕಿತ್ತಳೆ ಟೀಶರ್ಟ್ ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಿಲ್ಲ, ಆಸ್ಟಿನ್ ಅಕ್ಕ, ಯಜಮಾನರ ಅಳತೆ ಎಷ್ಟು?